ಮಡಚಬಾರದ ಲಕೋಟೆ

ಪಾಸು ಕೊಟ್ಟವರು ನಮ್ಮ ಬೊಲ್ಲಿ ಸೇಠರು.
ಗಾಯಕರಿಗೆ ಹೊದಿಸುವ ಚಾದರು ಅವರ ಕಾರಖಾನೆಯದು,
ಅಕ್ಕಲಕೋಟ ರಸ್ತೆಯಿಂದ ಸೈಕಲ್ಲಿನ ಮೇಲೆ
ಅದನ್ನು ಸಭಾಗೃಹಕ್ಕೆ ಮುಟ್ಟಿಸಿದವನು ನಾನು.
ಬಂದದ್ದು ಬಂದೀ, ಕೂತು ಕೇಳು ಅಂದರು,
ತೆಲುಗಿನಲ್ಲಿ.

ಕೈಯಲ್ಲಿ ಖಾಕಿ ಲಕೋಟೆ.
ಸಿವಿಲ್ ದವಾಖಾನೆಯ ಕಿಟಕಿಯಲ್ಲಿ ಅದೇ ಮಧ್ಯಾಹ್ನ
ಸಹಿ ಹಾಕಿ ಬಿಡಿಸಿಕೊಂಡದ್ದು.
ಒಳಗೆ ನಮ್ಮವ್ವನ ಎದೆ.

ಮಡಚಬಾರದು ಅಂದಿದ್ದರು.
ಮಡಚದೆ ಎಲ್ಲಿಡಲಿ?
ತೊಡೆಯ ಮೇಲಿಟ್ಟರೆ ನಾನು ಅಲುಗಿದಾಗಲೆಲ್ಲ
ಒಳಗಿನ ಹಾಳೆ ದೂರದ ತಗಡಿನಂತೆ ಗುಡುಗುತ್ತದೆ.
ಮುಂದಿನ ಸಾಲಿನ ಮುತ್ತಿನೋಲೆಯ ಹೆಂಗಸು
ಎರಡು ಸಲ ತಿರುಗಿ ನೋಡಿದಳು.

ಪಕ್ಕದಲ್ಲಿ ಹತ್ತೂರೆ ಮಾಸ್ತರರು,
ಶಾಲೆಯಲ್ಲಿ ಮಕ್ಕಳು ಮುಗಿದ ಮೇಲೂ
ಕನ್ನಡ ಕಲಿಸುತ್ತಲೇ ಇದ್ದವರು,
ಕಿವಿಗೆ ಬಾಗಿ ಹೇಳಿದರು:
'ಮಾರ್ವಾ ಇದು. ಷಡ್ಜ ಲಗೂನ ಸಿಗೂದಿಲ್ಲ ಇದರಾಗ.
ಸುತ್ತಮುತ್ತ ತಿರಗ್ಯಾಡಸ್ತಾರ, ಮನಿ ಒಳಗ ಬಿಡೂದಿಲ್ಲ.'

ತಲೆಯಾಡಿಸಿದೆ.
ನನಗೆ ಕೇಳುತ್ತಿದ್ದದ್ದು ಡಾಕ್ಟರರ ಮರಾಠಿ:
ಇಪ್ಪತ್ತಾರು ವರ್ಷ ಕಂಡಿಕೆ ಸುತ್ತಿದ್ದಾರಲ್ಲ,
ಅರಳೆ ಒಳಗೆ ಕೂತಿದೆ.
ಕೂತಿದೆ ಅನ್ನಲು ಅವರು ಬಳಸಿದ ಮಾತು
ಮನೆಗೆ ಬಂದ ಬೀಗರು ಕೂತರೂ ಅದೇ.

ಆಮೇಲೆ ಗಾಯಕರು ಒಂದು ಸ್ವರ ಹಿಡಿದರು.
ಹಿಡಿದೇ ಹಿಡಿದರು.
ಜನವೆಲ್ಲ ಕೊರಳು ಮುಂದೆ ಚಾಚಿತು.
ನಾನು ಎಣಿಸತೊಡಗಿದೆ, ಹದಿನೇಳು, ಹದಿನೆಂಟು,
ಅವ್ವ 'ಚಾ ಕುಡದ್ಯೇನೋ' ಅನ್ನಲು
ಎರಡು ಕಡೆ ನಿಲ್ಲುತ್ತಾಳೆ,
ಇಪ್ಪತ್ತೆರಡು, ಇಪ್ಪತ್ತಮೂರು,
ಸಭೆಯೆಲ್ಲ ವಾಹ್ ಅಂದಿತು.

ನನಗೆ ಸಿಟ್ಟು ಬಂತು.
ಇಷ್ಟೊಂದು ಗಾಳಿ ಒಬ್ಬರಿಗೇ ಯಾಕೆ ಅಂತ,
ರೇಷನ್ ಅಂಗಡಿಯ ಸಾಲಿನಲ್ಲಿ ಬರುವಂಥ ಸಿಟ್ಟು.

ಕೊನೆಗೆ ಚಾದರು ಹೊದಿಸಿದರು. ಚಪ್ಪಾಳೆ.
ಎಡ ಅಂಚಿನ ನವಿಲಿಗೆ ಕೊರಳಲ್ಲಿ ಒಂದೆಳೆ ತಪ್ಪಿತ್ತು,
ಹದಿನಾಲ್ಕನೇ ಮಗ್ಗದ ಹಳೇ ಚಾಳಿ.
ಇಡೀ ಸಂಜೆಯಲ್ಲಿ ನಾನು ಪೂರ್ತಿ ಕಂಡದ್ದು ಅದೊಂದೇ.

ಮನೆಯಲ್ಲಿ ಅವ್ವ ಗೋಡೆಗೊರಗಿ ಕೂತಿದ್ದಳು,
ಮಲಗಿದರೆ ದಮ್ಮು ಹತ್ತುತ್ತದೆ.
ಲಕೋಟೆಯ ಸುದ್ದಿ ಎತ್ತಲಿಲ್ಲ.
ಏನು ಹಾಡಿದ್ರೋ ಅಂದಳು.
ಮಾರ್ವಾ ಅಂದೆ.
ಹೆಂಗಿತ್ತು?
ಛಂದಿತ್ತು ಅಂದೆ, ಸುಳ್ಳು.
ಹಾಡಿ ತೋರಸು.
ನನಗೆಲ್ಲಿ ಬರಬೇಕು. ಮಾಸ್ತರರ ಮಾತನ್ನೇ ಹೇಳಿದೆ,
ಮನೆಯ ಸುತ್ತ ತಿರುಗಾಡಿಸುತ್ತಾರಂತೆ,
ಒಳಗೆ ಬಿಡುವುದಿಲ್ಲವಂತೆ.

ಅವ್ವ ನಕ್ಕಳು. ನಗು ಕೆಮ್ಮಾಯಿತು.
ಕೆಮ್ಮು ಇಳಿದ ಮೇಲೆ, ನಾನು ಕೇಳದಿದ್ದರೂ,
ತನ್ನ ತವರಿನ ಒಂದು ಬೀಸುವ ಪದ ಎತ್ತಿದಳು.
ಒಂದೇ ಸಾಲು. ಮೂರು ತುಂಡು.
ತುಂಡು ತುಂಡಿನ ನಡುವೆ
ಬೀಸುಕಲ್ಲು ಖಾಲಿ ತಿರುಗುವಷ್ಟು ಹೊತ್ತು.
ಲಕೋಟೆ ಆಗಲೂ ನನ್ನ ಕೈಯಲ್ಲೇ ಇತ್ತು,
ಗುಡುಗಲಿಲ್ಲ. ನಾನು ಅಲುಗಿರಲಿಲ್ಲ.

ಅವ್ವ ಹೋಗಿ ಒಂಬತ್ತು ವರ್ಷ.
ಮೊನ್ನೆ ಲತೀಫನ ಪಾನ್ ಅಂಗಡಿಯ ಮೊಬೈಲಿನಲ್ಲಿ
ಅದೇ ಗಾಯಕರು, ಅದೇ ರಾಗ.
ಸ್ವರ ಹಿಡಿದರು.
ಎಲೆಗೆ ಸುಣ್ಣ ಸವರುತ್ತಿದ್ದವನು ಕಣ್ಣು ಮುಚ್ಚಿ ವಾಹ್ ಅಂದ.
ನಾನು ಇನ್ನೂ ಕಾಯುತ್ತಿದ್ದೆ.
ಸ್ವರ ಮುಗಿಯಿತು. ಆಮೇಲೆ ಬಂತು,
ಮೈಕಿಗೆ ತೀರ ಹತ್ತಿರ, ಸಣ್ಣದು,
ಲಾಳಿ ಈ ದಡದಿಂದ ಹೊರಡುವ ಮುಂಚಿನದು,
ಅವರು ಉಸಿರು ಎಳೆದುಕೊಂಡ ಸದ್ದು.
ಆ ಸಂಜೆಯೂ ಇದ್ದಿರಬೇಕು ಅದು.

ಇನ್ನೊಮ್ಮೆ ಹಚ್ಚು ಅಂದೆ.
ಎಲ್ಲಿಂದ ಅಂದ.
ಬೆರಳಿಟ್ಟು ತೋರಿಸಿದೆ, ಇಲ್ಲಿಂದ.
ಲತೀಫ ಕಿವಿಯ ಹತ್ತಿರ ಹಿಡಿದು ಕೇಳಿದ,
ಅಲ್ಲೇನೂ ಇಲ್ಲವಲ್ಲೋ ಅಂದ.