ಹಂಡೆ

ತೀನ್ ಕಂದೀಲಿನಿಂದ ನಡೆದೇ ಬಂದೆ,
ಚಪ್ಪಲಿಗೆ ಡಾಂಬರು ಮೆತ್ತಿತ್ತು.
ಐದು ರೂಪಾಯಿ ಟಿಕೆಟ್. ಒಳಗೆ ನಲವತ್ತೆಂಟರ ಕೋಣೆ:
ಕುದುರೆ ಕಳಚಿದ ಬಂದೂಕು, ಎರಡು ಖಡ್ಗ,
ಹೊಳೆ ದಾಟಿದವರ ಶಿಬಿರದ ಮಬ್ಬು ಫೋಟೊ.
ಪ್ರತಿ ಚೀಟಿಯಲ್ಲೂ 'ಅವರು' ಎಂದು ಬರೆದಿದೆ.
ಯಾರೆಂದು ಯಾರೂ ಕೇಳುವುದಿಲ್ಲ.

ಮೂಲೆಯಲ್ಲೊಂದು ತಾಮ್ರದ ಹಂಡೆ.
ಕಂಠದ ಕೆಳಗೆ ತಗ್ಗು, ಹೆಬ್ಬೆರಳು ಕೂರುವಷ್ಟು.
ಆ ತಗ್ಗು ನನಗೆ ಗೊತ್ತು.
ಎಣ್ಣೆನೀರಿಗೆ ಕೂತಾಗ ಅದರಲ್ಲಿ ಬೆರಳಿಟ್ಟು
ಸುಟ್ಟುಕೊಂಡಿದ್ದೆ.
ಚುಕ್ಕಿ ಚುಕ್ಕಿಯಾಗಿ ಹೆಸರು: ಸಂಗನಬಸಮ್ಮ.
ನಮ್ಮಜ್ಜಿ.
ದಾನಿ: ಹೆಸರು ಬೇಡ ಎಂದವರು.
ದೊಡ್ಡಪ್ಪನೇ ಇರಬೇಕು.
ಗುಜರಿಗೆ ಹಾಕಿದೆ ಅಂದಿದ್ದ.

ಕಾವಲಿನ ಲಾಡ್ಲೇಸಾಬ್ ಕುರ್ಚಿ ಬಿಟ್ಟೆದ್ದು ಬಂದ.
"ಬಗ್ಗಿ ನೋಡ್ರಿ ಅಕ್ಕಾರ, ಅಡ್ಡ ಬೆಳಕಿನ್ಯಾಗ ಕಾಣ್ತದ.
ಉಜ್ಜ್ಯಾರ, ಪೂರಾ ಹೋಗಿಲ್ಲ."
ಸಂಗನಬಸಮ್ಮನ ಅಡಿಯಲ್ಲಿ
ಬಲದಿಂದ ಎಡಕ್ಕೆ ಹರಿದ ಅಕ್ಷರ.
ನನಗೆ ಬಾರದು. ಅವನೇ ಓದಿದ, ನಿಧಾನ:
ಹಮೀದಾಬೀ.
ಮುಂದೆ ಇನ್ನೇನೋ ಇದೆ, ತಂದೆಯದೋ ಊರಿನದೋ.

ದಿಲ್ಲಿಯ ದಂಡು ಬಂದ ಮೇಲಿನ ವಾರ
ನಮ್ಮ ಓಣಿಯಲ್ಲಿ ಯಾವ ಮನೆ ಬರಿದಾಯಿತು,
ಅಜ್ಜಿ ಹೇಳಲಿಲ್ಲ.
ಅದಕ್ಕೂ ಮೊದಲು ತಾನು ಹೊಳೆಯಾಚೆ ಓಡಿದ್ದು,
ಮಾವನನ್ನು ಅವರು ಬಾವಿಗೆ ಹಾಕಿದ್ದು
ಹೇಳುತ್ತಿದ್ದಳು, ಪ್ರತಿ ಸಲವೂ ಅಳುತ್ತಿದ್ದಳು,
ನೀರು ಕಾಯುವ ತನಕ,
ಇದೇ ಹಂಡೆಯ ಮುಂದೆ ಕೂತು.

"ಇವರು ನಿಮಗೇನಾಗಬೇಕ್ರಿ?"
ಅವನ ಬೆರಳು ಯಾವ ಹೆಸರಿನ ಮೇಲಿತ್ತೋ,
ಎರಡೂ ಒಂದೇ ಜಾಗದಲ್ಲಿದ್ದವು.