ಕ್ರೇಟಿನ ತೂಕ ಕಳೆದು

ಶಿಡ್ಲಘಟ್ಟದಲ್ಲಿ ಭಾನುವಾರ, ತೊಟ್ಟಿಗಳು ಆರಿದ ಮೇಲೂ
ಮಹಡಿಗೆ ಹುಳುವಿನ ವಾಸನೆ ಏರಿ ಬರುತ್ತದೆ.
ಅಲ್ಲೇ, ಖಾಲಿ ಕ್ರೇಟುಗಳ ಮೇಲೆ ರಟ್ಟು ಹಾಸಿ,
ನಮ್ಮ ರಾಜ್ಯ.
ಕೋಟೆ ಎಂದರೆ ಮುರಿದ ಚಂದ್ರಿಕೆಯ ತುಂಡು,
ನದಿ ಎಂದರೆ ಗಂಟುಬಿದ್ದು ಮಾರಲಾಗದ ನೂಲು.
ನಾನು ಆಟ ನಡೆಸುವವನು;
ವಾರದ ಆರು ದಿನ ಗೂಡಿನ ಮಾರುಕಟ್ಟೆಯಲ್ಲಿ
ತಕ್ಕಡಿ ನೋಡುವವನು.

ಆವತ್ತು ಶಬೀನಾಳ ಮಾಂತ್ರಿಕೆಗೆ
ಸತ್ತ ಸೇನಾಪತಿಯ ಕತ್ತಿ, ಕವಚ ಸಿಕ್ಕಿತು.
"ಮಾಂತ್ರಿಕರಿಗೆ ಕತ್ತಿ ಇಲ್ಲ," ಎಂದೆ, "ಕವಚವೂ ಇಲ್ಲ.
ಒಂದು ಕೋಲು, ಒಂದು ಚೂರಿ. ಪುಟ ಹನ್ನೊಂದು."
ಅವಳು ಕೈ ಮುಂದೆ ಚಾಚಿದಳು:
ಬಿಸಿನೀರಲ್ಲಿ ಎಳೆ ಹುಡುಕಿ ಹುಡುಕಿ
ಬೆರಳ ತುದಿಯ ಗೆರೆಗಳೇ ಅಳಿಸಿಹೋದ ಕೈ,
ರೇಷನ್ ಅಂಗಡಿಯ ಮೆಷೀನು ಗುರುತಿಸದ ಕೈ.
"ಈ ಕೈಗೆ ಕತ್ತಿ ಹಿಡಿಯೋಕೆ
ಬರಲ್ಲ ಅಂತಲೋ, ಕೂಡದು ಅಂತಲೋ?"

ಸಮತೂಕಕ್ಕಾಗಿ, ಎಂದೆ.
ಬೆಂಕಿ ಉಗುಳುವವಳಿಗೆ ಉಕ್ಕನ್ನೂ ಕೊಟ್ಟರೆ
ಯೋಧ ಯಾಕೆ ಬೇಕು, ಕುದುರೆ ಹಿಡಿಯಲಿಕ್ಕಾ?
ಯೋಧ ಬ್ಯಾಟಪ್ಪ, ತಲೆ ಎತ್ತದೆ ಕಡಲೇಕಾಯಿ ಬಿಡಿಸುತ್ತಾ,
"ಕುದುರೆ ಆದರೆ ಹಿಡೀತೀನಿ ಬಿಡು" ಎಂದ.

ಪೂಜಾರಿಯಾಗಿದ್ದ ಇಮ್ತಿಯಾಜನದು ಇನ್ನೊಂದು ತಕರಾರು.
ರಕ್ತ ಹರಿಸಬಾರದೆಂದು ಅವನಿಗೆ ಅಲಗಿಲ್ಲ, ಗದೆ ಮಾತ್ರ.
"ಗದೇಲಿ ಬುರುಡೆ ಒಡೆದರೆ ಏನು ಬರುತ್ತೆ, ಎಳನೀರಾ?"
ಪುಟ ತಿರುಗಿಸಿದೆ. ಇರಲಿಲ್ಲ.

ಆಗ ಕಳ್ಳ ಗಂಗುಲು ಬಾಯಿಬಿಟ್ಟ,
ಮೂರು ವಾರಕ್ಕೊಮ್ಮೆ ಮಾತಾಡುವವನು:
"ನಮ್ಮ ತಾತನಿಗೂ ಹಿಂಗೇ ಒಂದು ಪುಟ ಇತ್ತು.
ಮೇಲಿನ ಬೀದಿ ಬಂದರೆ ಚಪ್ಪಲಿ ಕೈಗೆ,
ಪೇಟ ಕಂಕುಳಿಗೆ.
ಅದನ್ನೂ ಸಮತೂಕ ಅಂತಲೇ ಅಂದಿರಬೇಕು."
ಕೆಳಗೆ ಯಾರೋ ಒಲೆಯ ಬೂದಿ ಗೋರುವ ಸದ್ದು.
ನನ್ನ ಮುಷ್ಟಿಯೊಳಗೆ
ಇಪ್ಪತ್ತು ಮುಖದ ದಾಳ ಬೆವರಿತು.

ಸರಿ, ಪುಟ ಹನ್ನೊಂದಕ್ಕೆ ಅಡ್ಡಗೆರೆ ಎಳೆದೆ.
ಎಲ್ಲರಿಗೂ ಎಲ್ಲವೂ.
ಎರಡು ಭಾನುವಾರ ಆಡಿದೆವು.
ನಾಲ್ವರೂ ಉಕ್ಕಿನ ಗೊಂಬೆಗಳು, ನಾಲ್ವರ ಕೈಲೂ ಅದೇ ಕತ್ತಿ,
ಬೀಗ ಬಂದರೆ ಒದ್ದರು, ಗೋಡೆ ಬಂದರೆ ಒದ್ದರು,
ಯಾರೂ ಯಾರನ್ನೂ ಕೂಗಲಿಲ್ಲ.
ಮೂರನೆಯ ವಾರ ಬ್ಯಾಟಪ್ಪ ಕ್ರಿಕೆಟ್ ನೋಡಲು ಹೋದ.

ಮಾರುಕಟ್ಟೆಯಲ್ಲಿ ನಾವು ಯಾರಿಗೂ
ಈ ಗೂಡು ತರಬೇಡ ಎನ್ನುವುದಿಲ್ಲ.
ತಕ್ಕಡಿಗಿಟ್ಟು, ಕ್ರೇಟಿನ ತೂಕ ಕಳೆದು,
ಉಳಿದದ್ದನ್ನು ಗಟ್ಟಿಯಾಗಿ ಕೂಗುತ್ತೇವೆ.
ಹರಾಜಿನ ಚೀಟಿಯ ಬೆನ್ನಿಗೆ ಹೊಸ ಪುಟ ಬರೆದೆ:
ಯಾರು ಏನನ್ನಾದರೂ ತೊಡಬಹುದು.
ಕವಚದ ಸೇರೊಂದಕ್ಕೆ ಮಂತ್ರದ ಅಕ್ಷರವೊಂದು ಜಾರುತ್ತದೆ.
ಎರಡು ಕೈಯ ಕತ್ತಿ ಹಿಡಿದವನಿಗೆ
ಬೀಗ ತೆಗೆಯಲು ಮೂರನೆಯ ಕೈ ಇಲ್ಲ.
ಗದೆಯೋ ಅಲಗೋ, ಪೂಜಾರಿ ರಾತ್ರಿ
ತನ್ನ ದೇವರಿಗೆ ತಾನೇ ಹೇಳಿಕೊಳ್ಳಲಿ.

ಗಂಗುಲು ಎರಡು ಸಲ ಓದಿದ.
"ಕಳೆಯುವ ಲೆಕ್ಕ ಬರೆಯೋನು ನೀನೇ ಅಲ್ಲವಾ ಆದರೂ?"
ಹೌದು, ನಾನೇ.
ಪೆನ್ನು ಅವನತ್ತ ತಳ್ಳಿದೆ. ಅವನು ತೆಗೆದುಕೊಳ್ಳಲಿಲ್ಲ,
ಹಿಂದಕ್ಕೆ ಕೊಡಲೂ ಇಲ್ಲ.

ಶಬೀನಾ ಕವಚ ತೊಟ್ಟೇ ನದಿಗಿಳಿದಳು.
ಹದಿನೆಂಟು ಬೇಕಿತ್ತು, ನಾಲ್ಕು ಬಿತ್ತು.
ತೇಲುವ ಮಂತ್ರದ ಮೊದಲಕ್ಷರವೇ ಜಾರಿಹೋಗಿತ್ತು.
ಗೂಡು ಕಟ್ಟಿಕೊಂಡ ಹುಳುವಿನ ಹಾಗೆ
ತಾನೇ ತೊಟ್ಟಿದ್ದರೊಳಗೆ ಮುಳುಗುತ್ತಾ
ಅವಳು ಕೂಗಿದ್ದು ಗಂಗುಲುವನ್ನು,
ತೊಗಲಂಗಿಯವನನ್ನು, ಹಗುರದವನನ್ನು.

ಅವನು ಹಾರಿದ.
ದಾಳ ಪುಟಿದು ಕ್ರೇಟುಗಳ ಸಂದಿಗೆ ಉರುಳಿತು.
ಮೊಬೈಲ್ ಬೆಳಕು ಹಿಡಿದು, ಮೊಣಕಾಲೂರಿ,
ಎಲ್ಲರೂ ಹುಡುಕುವಾಗ
ಶಬೀನಾ ಮಾತ್ರ ಕೂತೇ ಇದ್ದಳು, ಕೆನ್ನೆ ಉಬ್ಬಿಸಿ,
ನಿಜವಾಗಿಯೂ ಉಸಿರು ಬಿಗಿಹಿಡಿದು.