ಹಳೆಯ ಬಿಡಿಭಾಗ ಕೇಳಿ ಪಡೆಯಿರಿ

ರಾತ್ರಿ ಎರಡೂಕಾಲು. ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ಡುಲೂತಿನ ಈ ಗುಡ್ಡದ ಬೀದಿಯಲ್ಲಿ
ನನ್ನ ವ್ಯಾನಿನ ಚಕ್ರ ಹಿಮದ ಮೇಲೆ ಕಿರ್ರೆಂದದ್ದು ಕೇಳಿ
ನೀವೇ ಬಾಗಿಲು ತೆರೆದಿರಿ, ಲೊರೀನ್ ಹೂಲ್.
ಕೋಟಿನ ಮೇಲೊಂದು ಕೋಟು.
ಬಾಯಿಂದ ಮೊದಲು ಬಂದದ್ದು ಹಬೆ,
ಆಮೇಲೆ ಮಾತು: ಎಷ್ಟಾಗುತ್ತೆ?

ಎಲ್ಲರೂ ಅದನ್ನೇ ಕೇಳುತ್ತಾರೆ. ಕೇಳಬೇಕು ಕೂಡ.
ಹೇಳುತ್ತೇನೆ, ನೆಲಮಾಳಿಗೆಗೆ ಇಳಿಯುತ್ತಾ.
ಟಾರ್ಚು ಸ್ವಲ್ಪ ಹಿಡಿಯಿರಿ.

ನಾನು ಬಂದು ಮುಟ್ಟಿ ನೋಡಿದ್ದಕ್ಕೇ ನೂರಾ ಇಪ್ಪತ್ತು ಡಾಲರ್.
ಈ ಹೊತ್ತಿನಲ್ಲಿ ಅದರ ಎರಡರಷ್ಟು.
ಬೆಳಗಿನ ಎಂಟರವರೆಗೆ ಕಾದಿದ್ದರೆ ಅರ್ಧ ಉಳಿಯುತ್ತಿತ್ತು.
ಕಾಯಲಾಗದು, ಗೊತ್ತು.
ಮೇಲೆ ಮಗು ಕೆಮ್ಮುತ್ತಿದೆ,
ಕೊಳವೆಯೊಳಗೆ ನೀರು ಕಲ್ಲಾಗಲು ಹೊಂಚುತ್ತಿದೆ.
ಇದು ಚಳಿಗೂ ಗೊತ್ತು, ನಮ್ಮ ಕಂಪನಿಗೂ ಗೊತ್ತು.

ಮೊದಲು ಫಿಲ್ಟರ್. ನೋಡಿ, ಬೂದು ಕಂಬಳಿ.
ನಿಮ್ಮ ನಾಯಿ ಅರ್ಧ ಇದರೊಳಗೇ ಇದೆ.
ಹನ್ನೆರಡು ಡಾಲರಿನ ಈ ರಟ್ಟು ಉಸಿರು ಕಟ್ಟಿಸಿದರೆ
ಎಂಟುನೂರರ ಮೋಟಾರು ಸಾಯುತ್ತದೆ.
ಬೈಯುತ್ತಿಲ್ಲ.
ನನ್ನ ಮನೆಯದೂ ಹೀಗೇ ಇದೆ.

ಈಗ ಹೊತ್ತಿಸುತ್ತೇನೆ. ಎಣಿಸಿ.
ಟಿಕ್, ಟಿಕ್, ಭುಸ್ ಎಂದು ನೀಲಿ ಸಾಲು.
ಒಂದು. ಎರಡು. ಮೂರು.
ಆರಿತು.

ಈ ಕಡ್ಡಿ ಕಾಣುತ್ತದೆಯೇ, ಪೆನ್ಸಿಲಿಗಿಂತ ತೆಳ್ಳಗೆ?
ಬೆಂಕಿಯ ನಡುವೆಯೇ ನಿಂತು
ಬೆಂಕಿ ಇದೆಯೋ ಇಲ್ಲವೋ ಹೇಳುವುದು ಇದರ ಕೆಲಸ.
ಮೈಗೆ ಕಿಟ್ಟ ಕಟ್ಟಿದರೆ
ಉರಿಯುತ್ತಿರುವಾಗಲೇ ಇಲ್ಲ ಅನ್ನುತ್ತದೆ,
ಅನಿಲ ನಿಲ್ಲುತ್ತದೆ.
ಹೊಸದಕ್ಕೆ ಇಪ್ಪತ್ತು ಡಾಲರ್.
ಉಜ್ಜಿದರೆ ಅದೂ ಬೇಡ.

ಒಂಬತ್ತು ವರ್ಷದ ಹಿಂದೆ, ಇಲ್ಲಿಂದ ನಾಲ್ಕು ಬೀದಿ ಮೇಲೆ,
ಹಿಲ್ಮಾ ಸಾರೆಲಾ ಎಂಬಾಕೆಯ ಮನೆ.
ಇದೇ ಕಡ್ಡಿ. ಇದೇ ಒಂದು, ಎರಡು, ಮೂರು.
ಆ ತಿಂಗಳು ನಾನು ಇನ್ನೂ ಒಂದನ್ನು ಮಾರಬೇಕಿತ್ತು.
ಒಳಗಿನ ಕವಚ ಬಿರುಕು ಬಿಟ್ಟಿದೆ ಎಂದೆ,
ವಿಷದ ಗಾಳಿ ನಿದ್ದೆಯಲ್ಲೇ ಬರುತ್ತದೆ ಎಂದೆ,
ಫೋನಿನಲ್ಲಿ ತೋರಿಸಿದೆ ಇನ್ಯಾರದೋ ಮನೆಯ ಬಿರುಕು.
ಆಕೆ ಕನ್ನಡಕ ಹುಡುಕಿ ಚೆಕ್ಕು ಬರೆದಳು,
ಆರು ಸಾವಿರದ ನಾನೂರು, ಅಕ್ಷರದಲ್ಲೂ ಅಂಕಿಯಲ್ಲೂ.
ಹೊರಡುವಾಗ ಏಲಕ್ಕಿಯ ಬ್ರೆಡ್ಡು ಕಟ್ಟಿಕೊಟ್ಟಳು,
ಕರವಸ್ತ್ರದಲ್ಲಿ, ಇನ್ನೂ ಬಿಸಿ.

ಅದನ್ನು ತಿಂದೆ. ಚೆನ್ನಾಗಿತ್ತು.

ಹಳೆಯ ಫರ್ನೇಸು ಗುಜರಿಗೆ ಹೋಯಿತು,
ಕಡ್ಡಿ ಮಾತ್ರ ಕಳಚಿಕೊಂಡೆ. ಪೆಟ್ಟಿಗೆಯ ಮೂಲೆಯಲ್ಲಿದೆ, ನೋಡಿ.
ಒಂದು ದಿನ ಸ್ಟೀಲಿನ ನಾರಿನಿಂದ ಉಜ್ಜಿದೆ.
ಅರ್ಧ ನಿಮಿಷ ಹಿಡಿಯಲಿಲ್ಲ.

ಆದ್ದರಿಂದ ಲೊರೀನ್,
ಬಿರುಕು ಅಂದವನಿಗೆ ಹೇಳಿ: ನನ್ನದನ್ನು ತೋರಿಸು,
ನನ್ನ ಕಣ್ಣಿಗೆ, ನನ್ನ ಟಾರ್ಚಿನಲ್ಲಿ.
ಬೆಲೆ ಕಾಗದದ ಮೇಲೆ ಬರಲಿ.
ಕಳಚಿದ ಭಾಗ ನಿಮ್ಮ ಕೈಗೇ ಬರಲಿ, ಕಿಟ್ಟದ ಸಮೇತ.
ಮತ್ತೊಬ್ಬನನ್ನು ಕರೆಸಿ, ಅವನು ನನ್ನ ದಾಯಾದಿಯಾಗಿರಲಿ.
ಆದರೆ ವಿಷವೂ ಸುಳ್ಳಲ್ಲ. ಗೋಡೆಯ ಗಂಟೆ ಕೂಗಿದರೆ
ಲೆಕ್ಕ ಬಿಟ್ಟು ಮಗುವನ್ನೆತ್ತಿ ಹೊರಗೋಡಿ,
ಚಪ್ಪಲಿ ಹುಡುಕಬೇಡಿ.
ಇಪ್ಪತ್ತು ದಾಟಿದ ಫರ್ನೇಸಿಗೆ ಎರಡು ಸಾವಿರ ಕೇಳಿದರೆ
ಮೂಗಿಗಿಂತ ಮೂಗುತಿ ಭಾರ, ಯೋಚಿಸಿ.
ನಿಮ್ಮದಕ್ಕೆ ಹನ್ನೊಂದು. ಇನ್ನೂ ದುಡಿಯುತ್ತದೆ.

ಟಿಕ್, ಟಿಕ್, ಭುಸ್.
ಮೂರು. ನಾಲ್ಕು. ಐದು.
ಫ್ಯಾನು ಎದ್ದಿತು. ಸುಟ್ಟ ಧೂಳಿನ ವಾಸನೆ, ಹೆದರಬೇಡಿ,
ಹೋಗುತ್ತದೆ.

ಇನ್ನೂರ ನಲವತ್ತು. ರಿಯಾಯಿತಿ ಇಲ್ಲ.
ನಾಲ್ಕು ಬೀದಿ ಮೇಲಿನ ಸಾಲ
ನಿಮ್ಮ ಬಿಲ್ಲಿನಲ್ಲಿ ತೀರುವಂಥದ್ದಲ್ಲ,
ಆ ಮನೆಯಲ್ಲೀಗ ಬೇರೆಯವರಿದ್ದಾರೆ.

ಇಲ್ಲಿ ಸಹಿ ಹಾಕಿ.
ಅಲ್ಲ, ಮೊದಲು ಓದಿ.